ಓಟು ಒಂದು, ಸೀಟು ಆರು: ವೇಲ್ಸ್‌ಗೆ ಹೋದ ನಮ್ಮ ಕೊಡಗಿನ ಮಕ್ಕಳಿಗೆ ಓಟಿನ ಲೆಕ್ಕ

"ಮಾವ, ಇಲ್ಲಿ ಒಂದು ಕ್ಷೇತ್ರದಿಂದ ಆರು ಜನ ಗೆಲ್ತಾರಂತೆ, ನಂಗೆ ಇರೋದು ಮಾತ್ರ ಒಂದೇ ಓಟಂತೆ, ಹಾಗಾದ್ರೆ ಉಳಿದ ಐದು ಜನನ್ನ ಯಾರು ಆರಿಸ್ತಾರೆ?" ಅಂತ ನಮ್ಮ ಅಕ್ಕನ ಮಗಳು ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್‌ನಿಂದ ವಾಟ್ಸಾಪ್ ಕಾಲ್‌ನಲ್ಲಿ ಕೇಳಿದ್ಳು. ಅವಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನಾನು ಮಡಿಕೇರಿ ಹತ್ರ ಮೇಷ್ಟ್ರಾಗಿ ರಿಟೈರ್ ಆದವನು, ಕಾಡಂಚಿನ ಬೂತುಗಳಿಗೆಲ್ಲಾ ಎಲೆಕ್ಷನ್ ಡ್ಯೂಟಿಗೆ ಹೋಗಿದೀನಿ, ಮಸ್ಟರಿಂಗ್‌ನಿಂದ ಹಿಡಿದು ಡಿಮಸ್ಟರಿಂಗ್‌ನಲ್ಲಿ ಪೆಟ್ಟಿಗೆ ಒಪ್ಪಿಸಿ ಬೆಳಗಿನ ಜಾವ ಮನೆ ಸೇರೋವರೆಗೆ ಎಲ್ಲಾ ಗೊತ್ತು, ಆದ್ರೆ ಅವಳ ಈ ಪ್ರಶ್ನೆಗೆ ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಕೂತು ಓದಿ, ಪೇಪರ್ ಮೇಲೆ ಲೆಕ್ಕ ಹಾಕಿ, ಅವಳಿಗೆ ಹೇಳ್ಕೊಟ್ಟೆ. ನಮ್ಮ ಜಿಲ್ಲೆಯಿಂದ ನರ್ಸಿಂಗ್ ಅಂತ, ಎಂಎಸ್ಸಿ ಅಂತ, ಕೇರ್ ಹೋಂ ಕೆಲಸ ಅಂತ ಆ ಕಡೆ ಹೋದ ಮಕ್ಕಳಿಗೆ ಉಪಯೋಗ ಆಗ್ಲಿ ಅಂತ ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು, ನಿಮಗೆ ಅಲ್ಲಿ ಓಟು ಇದೆ. ಭಾರತ ಕಾಮನ್‌ವೆಲ್ತ್ ದೇಶ ಆಗಿರೋದ್ರಿಂದ ಭಾರತದ ಪಾಸ್‌ಪೋರ್ಟ್ ಇಟ್ಕೊಂಡು, ಸರಿಯಾದ ವೀಸಾ ಮೇಲೆ ಅಲ್ಲಿ ವಾಸ ಇರೋವ್ರು ಓಟರ್ ಲಿಸ್ಟಿಗೆ ಹೆಸರು ಸೇರಿಸಬಹುದು, ಅದಕ್ಕೆ ಬ್ರಿಟಿಷ್ ಪೌರತ್ವ ಬೇಕಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಇರೋವ್ರಿಗೂ ಇದೆ. ನಮ್ಮ ಹುಡುಗಿ ಹೋದ ಮೊದಲನೇ ವರ್ಷ ಅವಳಿದ್ದ ಕಡೆಯ ಆಫೀಸಿನವರು ಯಾರೋ "ಹೊರ ದೇಶದವರಿಗೆ ಓಟಿಲ್ಲ" ಅಂತ ಹೇಳಿಬಿಟ್ರು, ಇವಳೂ ನಂಬಿ ಸುಮ್ನಾದ್ಳು, ಒಂದು ಚುನಾವಣೆ ಕೈ ತಪ್ಪಿತು. ನಂಗೆ ಅದು ಇವತ್ತಿಗೂ ಬೇಜಾರು. ದಿನಾ ಹನ್ನೆರಡು ಗಂಟೆ ಅಲ್ಲಿನ ಜನರ ಆರೈಕೆ ಮಾಡೋ ಹುಡುಗಿ, ಆ ಆಸ್ಪತ್ರೆಗೆ ದುಡ್ಡು ಎಷ್ಟು ಕೊಡ್ಬೇಕು ಅಂತ ತೀರ್ಮಾನ ಮಾಡೋ ಸಭೆಗೆ ಅವಳ ಓಟೂ ಸೇರ್ಬೇಕಿತ್ತು.

ಆ ಸಭೆ ಅಂದ್ರೆ ಸೆನೆದ್, ವೇಲ್ಸ್‌ನ ಪಾರ್ಲಿಮೆಂಟು, ಕಾರ್ಡಿಫ್‌ನ ಸಮುದ್ರದ ಕಡೆ ಇದೆ. ಲಂಡನ್ನಿನ ಪಾರ್ಲಿಮೆಂಟ್ ಬೇರೆ, ಇದು ಬೇರೆ. ನಮ್ಮಲ್ಲಿ ದೆಹಲಿ ಮತ್ತು ವಿಧಾನಸೌಧ ಇದ್ದ ಹಾಗೆ ಅಂದ್ಕೊಳ್ಳಿ, ಪೂರ್ತಿ ಹಾಗೇ ಅಲ್ಲ, ಆದ್ರೆ ಹತ್ರ. ಸೈನ್ಯ, ವೀಸಾ, ವಿದೇಶಾಂಗ ಎಲ್ಲಾ ಲಂಡನ್, ಆಸ್ಪತ್ರೆ ಶಾಲೆ ಕೃಷಿ ಇದೆಲ್ಲಾ ಸೆನೆದ್. 1997ರಲ್ಲಿ ಜನಮತಗಣನೆ ಮಾಡಿದಾಗ ಬೇಕು ಅಂದವರು 50.3% ಮಾತ್ರ, ಕೂದಲೆಳೆಯಲ್ಲಿ ಗೆದ್ದು 1999ರಲ್ಲಿ ಶುರುವಾದದ್ದು. ಬೆಟ್ಟ, ಮಳೆ, ತಮ್ಮದೇ ಭಾಷೆ, ಪಕ್ಕದಲ್ಲೊಂದು ದೊಡ್ಡ ನಾಡು, ಕೊಡಗಿನವರಿಗೆ ಆ ಊರು ಅರ್ಥ ಆಗೋದು ಕಷ್ಟ ಏನಲ್ಲ.

ಮೊದಲು ಅಲ್ಲಿ 60 ಸೀಟಿತ್ತು, 40 ನಮ್ಮ ಥರ ಒಂದು ಕ್ಷೇತ್ರಕ್ಕೆ ಒಬ್ಬರು, 20 ಪಕ್ಷಗಳು ಕೊಟ್ಟ ಹೆಸರಿನ ಪಟ್ಟಿಯಿಂದ. 2024ರ ಕಾಯ್ದೆ ಬಂದು ಅದನ್ನ ಪೂರ್ತಿ ಬದಲಾಯಿಸಿತು, 96 ಸೀಟು, 16 ಕ್ಷೇತ್ರ, ಒಂದೊಂದು ಕ್ಷೇತ್ರಕ್ಕೆ ಆರು ಸೀಟು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಎಲ್ಲವೂ ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದ್ರೆ ಪಕ್ಷಕ್ಕೆ ಬಿದ್ದ ಓಟಿನ ಪಾಲಿಗೆ ತಕ್ಕ ಹಾಗೆ ಸೀಟು. ಈ ಹೊಸ ಪದ್ಧತಿಯ ಮೊದಲನೇ ಚುನಾವಣೆ 2026ರ ಮೇ 7ರದ್ದು. 16 ವರ್ಷ ತುಂಬಿದವರಿಗೂ ಓಟಿದೆ, ಹಾಗಾಗಿ ಫ್ಯಾಮಿಲಿ ಸಮೇತ ಹೋದವರು ಮಕ್ಕಳ ಹೆಸರನ್ನೂ ಮರೀಬೇಡಿ.

ಹೆಸರು ಸೇರಿಸೋದು ಆನ್‌ಲೈನ್, ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲಿ, ಐದು ಹತ್ತು ನಿಮಿಷದ ಕೆಲಸ. ವಿಳಾಸ, ಹುಟ್ಟಿದ ದಿನಾಂಕ, ರಾಷ್ಟ್ರೀಯತೆ ಜಾಗದಲ್ಲಿ ಇಂಡಿಯನ್, ಆಮೇಲೆ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತೆ. ಹೊಸದಾಗಿ ಹೋದವರಿಗೆ ಆ ನಂಬರ್ ಬಂದಿರಲ್ಲ, ಅದಕ್ಕೆ ಅರ್ಜಿ ನಿಲ್ಲಿಸಬೇಡಿ, ಯಾಕಿಲ್ಲ ಅಂತ ಬರೆಯೋಕೆ ಅಲ್ಲೇ ಜಾಗ ಇದೆ, ಬೇರೆ ದಾಖಲೆ ಕೇಳ್ತಾರೆ ಅಷ್ಟೇ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಗಡುವು, ಶನಿವಾರ ಭಾನುವಾರ ಬ್ಯಾಂಕ್ ರಜೆ ಲೆಕ್ಕಕ್ಕಿಲ್ಲ, ಹಾಗಾಗಿ ಎರಡೂವರೆ ವಾರ ಅಂತ ಇಟ್ಕೊಳ್ಳಿ. ಮನೆ ಬದಲಾಯಿಸಿದ್ರೆ ಮತ್ತೆ ಸೇರಿಸ್ಬೇಕು, ಬಾಡಿಗೆ ರೂಮು ಆರು ತಿಂಗಳಿಗೊಮ್ಮೆ ಬದಲಾಯಿಸೋ ಹುಡುಗರು ಇದರಲ್ಲೇ ತಪ್ಪೋದು. ಇನ್ನೊಂದು ಲಾಭ, ಅಲ್ಲಿ ಸಾಲ, ಫೋನ್ ಕನೆಕ್ಷನ್ ಅಂತ ಹೋದಾಗ ಕ್ರೆಡಿಟ್ ಚೆಕ್ ಮಾಡೋರು ವಿಳಾಸ ತಾಳೆ ನೋಡೋದು ಓಟರ್ ಲಿಸ್ಟಲ್ಲೇ.

ನೈಟ್ ಡ್ಯೂಟಿ ಇರೋವ್ರು ಪೋಸ್ಟಲ್ ಓಟು ತಗೊಳ್ಳಿ, ಅದಕ್ಕೆ ಅರ್ಜಿ 11 ಕೆಲಸದ ದಿನ ಮುಂಚೆ ಸಂಜೆ 5 ಗಂಟೆಯೊಳಗೆ. ಆ ಸಮಯಕ್ಕೆ ಊರಿಗೆ ಬರೋ ಪ್ಲಾನ್ ಇದ್ರೆ ನಿಮ್ಮ ಪರವಾಗಿ ಅಲ್ಲಿನ ಇನ್ನೊಬ್ರು ಓಟು ಹಾಕೋ ಪ್ರಾಕ್ಸಿ ಅಂತ ಇದೆ, ಅದಕ್ಕೆ 6 ಕೆಲಸದ ದಿನ.

ಬೂತಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ. ಇವಿಎಂ ಇಲ್ಲ, ಬೆರಳಿಗೆ ಶಾಯಿ ಇಲ್ಲ, ಕಾಗದ ಮತ್ತು ಸೀಸದ ಕಡ್ಡಿ. ಸೆನೆದ್ ಚುನಾವಣೆಗೆ ಫೋಟೋ ಇರೋ ಐಡಿ ಕೂಡ ಬೇಕಿಲ್ಲ (ಲಂಡನ್ ಪಾರ್ಲಿಮೆಂಟಿನ ಚುನಾವಣೆಗೆ ಬೇಕು, ಎರಡನ್ನೂ ಬೆರೆಸ್ಕೋಬೇಡಿ). ಹೆಸರು ವಿಳಾಸ ಹೇಳಿದ್ರೆ ಬ್ಯಾಲೆಟ್ ಕೊಡ್ತಾರೆ. ಅವಳು ಇದನ್ನ ಹೇಳಿದಾಗ ನಂಗೆ ನಂಬೋಕೇ ಆಗ್ಲಿಲ್ಲ, ಎಪಿಕ್ ಕಾರ್ಡ್ (ಓಟರ್ ಐಡಿ) ಇಲ್ಲ ಅಂತ ವಾಪಸ್ ಹೋಗಿ ಮತ್ತೆ ಗುಡ್ಡ ಹತ್ತಿ ಬಂದ ಹಣ್ಣು ಹಣ್ಣು ಮುದುಕರನ್ನ ಬೂತಲ್ಲಿ ನೋಡಿದವನು ನಾನು.

ಬ್ಯಾಲೆಟ್ ಮೇಲೆ ಪಕ್ಷದ ಹೆಸರು, ಅದರ ಕೆಳಗೆ ಆ ಪಕ್ಷದ ಅಭ್ಯರ್ಥಿಗಳ ಪಟ್ಟಿ ಇರುತ್ತೆ, ಒಂದು ಪಕ್ಷ ಹೆಚ್ಚೆಂದ್ರೆ 8 ಹೆಸರು ಕೊಡಬಹುದು. ಪಕ್ಷೇತರರ ಹೆಸರೂ ಇರುತ್ತೆ. ನೀವು ಮಾಡ್ಬೇಕಿರೋದು ಒಂದೇ, ಒಂದು ಪಕ್ಷದ ಮುಂದೆ ಅಥವಾ ಒಬ್ಬ ಪಕ್ಷೇತರನ ಮುಂದೆ ಒಂದು ಕ್ರಾಸ್ ಗುರುತು. ಪಟ್ಟಿಯೊಳಗೆ ಮೂರನೇ ಹೆಸರಿನವರು ನಿಮಗೆ ಗೊತ್ತಿರೋ ಡಾಕ್ಟ್ರು ಅಂತ ಅವರ ಹೆಸರಿಗೆ ಟಿಕ್ ಹಾಕಿ ಮೇಲೆ ಕಳಿಸೋ ಅವಕಾಶ ಇಲ್ಲ, ಪಕ್ಷ ಬರೆದ ಕ್ರಮ ಬರೆದ ಹಾಗೇ. ಪಕ್ಷಕ್ಕೆ ಎರಡು ಸೀಟು ಬಂದ್ರೆ ಪಟ್ಟಿಯ ಮೊದಲ ಇಬ್ಬರು. ಮಧ್ಯದಲ್ಲಿ ಒಬ್ರು ರಾಜೀನಾಮೆ ಕೊಟ್ರೆ ಉಪಚುನಾವಣೆ ಇಲ್ಲ, ಪಟ್ಟಿಯ ಮುಂದಿನ ಹೆಸರು. ನಂಗೆ ಈ ಪದ್ಧತಿಯಲ್ಲಿ ಸರಿಬರದೇ ಇರೋದು ಇದೊಂದೇ, ಜನರಿಗಿಂತ ಪಾರ್ಟಿ ಆಫೀಸಿಗೆ ಜಾಸ್ತಿ ಅಧಿಕಾರ ಕೊಟ್ಟ ಹಾಗಾಯ್ತು. ಹಾಗಾಗಿ ಬ್ಯಾಲೆಟ್ ಕೈಗೆ ಬರೋ ಮುಂಚೆ ಪಟ್ಟಿ ಹುಡುಕಿ ಮೊದಲ ಎರಡು ಮೂರು ಹೆಸರು ಯಾರು ಅಂತ ಓದ್ಕೊಳ್ಳಿ, ಐದನೇ ಆರನೇ ಹೆಸರಿಗೆ ಮರುಳಾಗಿ ಓಟು ಹಾಕ್ಬೇಡಿ. ಕ್ಷೇತ್ರದ ಹೆಸರುಗಳು ವೆಲ್ಷ್ ಭಾಷೆಯಲ್ಲೇ ಇರೋದು, ಕಾರ್ಡಿಫ್ ಅಂತ ಹುಡುಕಿದ್ರೆ ಸಿಗಲ್ಲ, ಆ ಭಾಷೆಯಲ್ಲಿ ಊರಿನ ಹೆಸರು ಕಾಯರ್‌ಡೀದ್.

ಈಗ ಅವಳ ಪ್ರಶ್ನೆಗೆ ಬರೋಣ, ಒಂದು ಓಟಲ್ಲಿ ಆರು ಸೀಟು ಹೇಗೆ.

ಕಕ್ಕಡ ಮಳೆ ಟೈಮು, ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಅಕ್ಕ ನಮ್ಮನೆಗೆ ಬಂದಿದ್ಳು. ಊಟ ಆದ್ಮೇಲೆ ಎಮರ್ಜೆನ್ಸಿ ಲೈಟ್ ಇಟ್ಕೊಂಡು, ಗೋಡೆ ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ಹಿಂದೆ ಬರೆಯೋಕೆ ಶುರು ಮಾಡಿದೆ, ಆ ಕಡೆ ಫೋನಲ್ಲಿ ಹುಡುಗಿ. ನೀವೂ ಹಾಗೇ ಮಾಡಿ, ಮೊಬೈಲಲ್ಲಿ ಓದಿದ್ರೆ ತಲೆಗೆ ಹೋಗಲ್ಲ, ಒಂದು ಹಾಳೆ, ಪೆನ್ನು, ಆರು ಕಾಫಿ ಬೀಜ ತಗೊಳ್ಳಿ. ಬೀಜ ಅಂದ್ರೆ ಸೀಟು.

ಅಲ್ಲಿನ ಪಕ್ಷದ ಹೆಸರು ಬೇಡ, ಯಾರದ್ದೋ ಪ್ರಚಾರ ಆಗುತ್ತೆ. ನಮ್ಮ ತೋಟದ ಹೆಸರೇ ಇಡೋಣ, ಓಟಿನ ಸಂಖ್ಯೆಯೂ ಲೆಕ್ಕಕ್ಕೆ ಅಂತ ನಾನೇ ಹಾಕಿದ್ದು. ಒಂದು ಕ್ಷೇತ್ರ, ಒಟ್ಟು 1,00,000 ಓಟು ಬಿದ್ದಿದೆ. ಕಾಫಿ ಪಕ್ಷಕ್ಕೆ 34,000. ಮೆಣಸು ಪಕ್ಷಕ್ಕೆ 26,800. ಕಿತ್ತಳೆಗೆ 17,500. ಏಲಕ್ಕಿಗೆ 12,500. ಜೇನಿಗೆ 9,200. ಐದನ್ನೂ ಹಾಳೆ ಮೇಲೆ ಸಾಲಾಗಿ ಬರೀರಿ, ಕೆಳಗೆ ಜಾಗ ಬಿಡಿ.

ನಿಯಮ ಒಂದೇ ಒಂದು. ಯಾರ ಸಂಖ್ಯೆ ದೊಡ್ಡದೋ ಅವರಿಗೆ ಒಂದು ಬೀಜ, ಬೀಜ ಸಿಕ್ಕಿದವರ ಮೂಲ ಓಟನ್ನ "ಸಿಕ್ಕಿದ ಬೀಜ ಪ್ಲಸ್ ಒಂದು" ಇದರಿಂದ ಭಾಗಿಸಿ ಹೊಸ ಸಂಖ್ಯೆ ಬರೀರಿ, ಮತ್ತೆ ದೊಡ್ಡದು ಯಾವುದು ನೋಡಿ. ಒಂದು ಬೀಜ ಸಿಕ್ಕಿದ್ರೆ ಎರಡರಿಂದ, ಎರಡು ಸಿಕ್ಕಿದ್ರೆ ಮೂರರಿಂದ. ಯಾವಾಗ್ಲೂ ಮೂಲ ಓಟನ್ನೇ ಭಾಗಿಸ್ಬೇಕು, ಭಾಗಿಸಿ ಬಂದದ್ದನ್ನ ಮತ್ತೆ ಭಾಗಿಸಬಾರದು, ನಾನು ಮೊದಲ ಸಲ ಅಲ್ಲೇ ಎಡವಿದ್ದು.

ಮೊದಲ ಸುತ್ತು, ದೊಡ್ಡದು ಕಾಫಿಯ 34,000, ಬೀಜ ಕಾಫಿಗೆ. ಅದರ ಕೆಳಗೆ 17,000 ಬರೀರಿ.

ಎರಡನೇ ಸುತ್ತು, ಈಗ ದೊಡ್ಡದು ಮೆಣಸಿನ 26,800. ಬೀಜ ಮೆಣಸಿಗೆ, ಕೆಳಗೆ 13,400.

ಮೂರನೇ ಸುತ್ತಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಕಾಫಿ 17,000, ಮೆಣಸು 13,400, ಕಿತ್ತಳೆ 17,500. ಕಿತ್ತಳೆಯೇ ದೊಡ್ಡದು! ಮೂರನೇ ಸ್ಥಾನದ ಪಕ್ಷಕ್ಕೆ ಸೀಟು ಬಂತು. ಇಲ್ಲಿಗೆ ಬಂದಾಗ ಅಕ್ಕ ಕನ್ನಡಕ ಸರಿ ಮಾಡ್ಕೊಂಡು ಹಾಳೆ ಹತ್ರ ಬಗ್ಗಿದ್ಳು. ಕಿತ್ತಳೆ ಕೆಳಗೆ 8,750.

ನಾಲ್ಕನೇದು ಕಾಫಿಯ 17,000, ಕಾಫಿಗೆ ಎರಡನೇ ಬೀಜ, ಈಗ 34,000ವನ್ನ ಮೂರರಿಂದ ಭಾಗಿಸಿ 11,333. ಐದನೇದು ಮೆಣಸಿನ 13,400, ಮೆಣಸಿಗೂ ಎರಡಾಯ್ತು, ಕೆಳಗೆ 8,933.

ಕೈಯಲ್ಲಿ ಉಳಿದದ್ದು ಒಂದೇ ಬೀಜ. ಕಾಫಿ 11,333, ಮೆಣಸು 8,933, ಕಿತ್ತಳೆ 8,750, ಏಲಕ್ಕಿ 12,500, ಜೇನು 9,200. ಏಲಕ್ಕಿಗೆ.

ಅಂದ್ರೆ ಕಾಫಿ 2, ಮೆಣಸು 2, ಕಿತ್ತಳೆ 1, ಏಲಕ್ಕಿ 1, ಜೇನಿಗೆ ಇಲ್ಲ. ಉಳಿದ ಐದು ಜನನ್ನ ಯಾರು ಆರಿಸ್ತಾರೆ ಅಂದ್ಯಲ್ಲ ಮಗಾ, ಉಳಿದವರ ಓಟು ಆರಿಸುತ್ತೆ, ನಿಂದು ನಿನ್ನ ಪಾಲಿನ ಬೀಜಕ್ಕೆ. ಇದೇ ಓಟು ನಮ್ಮ ಪದ್ಧತಿಯಲ್ಲಿ ಒಂದು ಸೀಟಿಗೆ ಬಿದ್ದಿದ್ರೆ 34,000 ತಗೊಂಡ ಕಾಫಿ ಗೆದ್ದು, ಉಳಿದ 66,000 ಜನ ಮನೆಗೆ. ಇಲ್ಲಿ ಮನೆಗೆ ಹೋದದ್ದು ಜೇನಿನ 9,200. ಅಕ್ಕ ಅದಕ್ಕೂ ಬಿಡ್ಲಿಲ್ಲ, "ಒಂಬತ್ತು ಸಾವಿರ ಜನ ಅಂದ್ರೆ ನಮ್ಮ ಹೋಬಳಿ ಜನ ಅಲ್ವಾ ಮಾರಾಯಾ, ಅವ್ರಿಗೆ ಒಂದೂ ಇಲ್ವಾ" ಅಂದ್ಳು. ಅವಳು ಕೇಳಿದ್ದು ಸರಿಯಾಗೇ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಈ ಲೆಕ್ಕಕ್ಕೆ ಡಿಹಾಂಟ್ ಪದ್ಧತಿ ಅಂತ ಹೆಸರು, ಬೆಲ್ಜಿಯಂನ ವಿಕ್ಟರ್ ಡಿಹಾಂಟ್ ಅನ್ನೋವ್ರು 1878ರಲ್ಲಿ ಬರೆದದ್ದು, 1899ರಲ್ಲಿ ಬೆಲ್ಜಿಯಂ ತನ್ನ ಪಾರ್ಲಿಮೆಂಟಿಗೇ ಪ್ರಮಾಣಾನುಗುಣ ಪದ್ಧತಿ ತಂತು. ಅಮೆರಿಕದ ಥಾಮಸ್ ಜೆಫರ್ಸನ್ ಅದಕ್ಕೂ ಮುಂಚೆ, 1792ರಲ್ಲಿ, ರಾಜ್ಯಗಳಿಗೆ ಸೀಟು ಹಂಚೋಕೆ ಹೇಳಿದ್ದ ಲೆಕ್ಕದ ಉತ್ತರವೂ ಇದೇ ಬರುತ್ತೆ.

ಈಗ ಓಟು ಹಾಕೋ ಮುಂಚೆ ಈ ಲೆಕ್ಕ ಯಾಕೆ ಗೊತ್ತಿರ್ಬೇಕು ಅಂದ್ರೆ, ಆಟ ಇರೋದು ಆರನೇ ಬೀಜದಲ್ಲಿ. ಮೇಲಿನ ಹಾಳೆಯಲ್ಲಿ ಏಲಕ್ಕಿ 12,500, ಅದರ ಹಿಂದೆ ಕಾಫಿ 11,333. ಏಲಕ್ಕಿ ಕಡೆಯ 1,167 ಜನ ಮಳೆ ಅಂತ ಮನೇಲೇ ಕೂತಿದ್ರೆ ಆ ಸೀಟು ಕಾಫಿಗೆ ಹೋಗ್ತಿತ್ತು, 1,166 ಜನ ಕೂತಿದ್ರೆ ಉಳೀತಿತ್ತು. ಮಾಡಿ ನೋಡಿ, ನಾನು ಎರಡು ಸಲ ಮಾಡಿದೆ. ಒಂದು ಬಸ್ಸಿನ ಜನ ಬೇಡ, ಒಬ್ಬ ಮನುಷ್ಯ.

ಇನ್ನೊಂದು, ಇದು ನಮ್ಮ ಮಕ್ಕಳಿಗೆ ಹೇಳಲೇಬೇಕಾದ್ದು, ಯಾಕಂದ್ರೆ ಪ್ರಮಾಣಾನುಗುಣ ಅಂದ ಕೂಡ್ಲೇ "ಯಾರಿಗೆ ಹಾಕಿದ್ರೂ ವೇಸ್ಟ್ ಆಗಲ್ಲ" ಅಂತ ಎಲ್ಲಾ ಕಡೆ ಹೇಳ್ತಾರೆ. ಆರೇ ಸೀಟಿನ ಕ್ಷೇತ್ರದಲ್ಲಿ ಅದು ಪೂರ್ತಿ ನಿಜ ಅಲ್ಲ. ಏಲಕ್ಕಿ ಮತ್ತು ಜೇನು ಎರಡೂ ಹೆಚ್ಚುಕಮ್ಮಿ ಒಂದೇ ಮಾತಾಡೋ ಪಕ್ಷ ಅಂತ ಇಟ್ಕೊಳ್ಳಿ, ಏಲಕ್ಕಿಯ 1,200 ಜನ ಈ ಸಲ ಜೇನಿಗೆ ಹಾಕೋಣ ಅಂತ ಹೋದ್ರು. ಏಲಕ್ಕಿ 11,300 ಆಯ್ತು, ಜೇನು 10,400 ಆಯ್ತು. ಕಾಫಿ ಅಲ್ಲೇ 11,333ರಲ್ಲಿ ಕೂತಿದೆ. ಆರನೇ ಬೀಜ ಕಾಫಿಗೆ ಹೋಯ್ತು, ಏಲಕ್ಕಿಗೂ ಇಲ್ಲ ಜೇನಿಗೂ ಇಲ್ಲ, ಕಾಫಿಗೆ ಒಂದು ಓಟೂ ಜಾಸ್ತಿ ಆಗದೇನೇ ಮೂರನೇ ಸೀಟು ಬಂತು. ಇದನ್ನ ತೋರಿಸಿದಾಗ ಫೋನಲ್ಲಿ ಹುಡುಗಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ಮಾವ ಇನ್ನೊಂದ್ಸಲ ಮಾಡಿ" ಅಂದ್ಳು.

ಹಾಗಾದ್ರೆ ಎಷ್ಟು ಓಟು ಬಂದ್ರೆ ಭದ್ರ? ಸೀಟಿನ ಸಂಖ್ಯೆಗೆ ಒಂದು ಕೂಡಿಸಿ, ಒಟ್ಟು ಓಟನ್ನ ಅದರಿಂದ ಭಾಗಿಸಿ. ಆರು ಸೀಟಿಗೆ ಏಳರಿಂದ, 1,00,000ಕ್ಕೆ 14,286. ಅಷ್ಟು ಬಂದ್ರೆ ಬೇರೆಯವರ ಓಟು ಹೇಗೇ ಹಂಚಿದ್ರೂ ಒಂದು ಸೀಟು ಖಾತ್ರಿ. ಏಲಕ್ಕಿ ಅದಕ್ಕಿಂತ ಕಮ್ಮಿ ಇದ್ದೂ ಗೆದ್ದದ್ದು ಬೇರೆಯವರ ಓಟು ಹಂಚಿದ ರೀತಿಯಿಂದ. ಅಂದ್ರೆ ನೀವು ಇಷ್ಟಪಡೋ ಪಕ್ಷ ನಿಮ್ಮ ಕ್ಷೇತ್ರದ ಸಮೀಕ್ಷೆಗಳಲ್ಲಿ ಸುಮಾರು 14% ಮೇಲೆ ಇದ್ರೆ ಮನಸ್ಸಿಗೆ ಬಂದ ಹಾಗೆ ಹಾಕಿ. 10ರಿಂದ 14ರ ಮಧ್ಯೆ ಇದ್ರೆ ನಿಮ್ಮ ಒಂದೊಂದು ಓಟೂ ಅಲ್ಲಿ ಚಿನ್ನ, ಬೂತಿಗೆ ಹೋಗಲೇಬೇಕು. 5ರ ಆಸುಪಾಸಲ್ಲಿದ್ರೆ ಸೀಟು ಬರಲ್ಲ, ಅದು ಗೊತ್ತಿದ್ದೂ ಹಾಕೋದಾದ್ರೆ ಹಾಕಿ, ಅದು ನಿಮ್ಮ ಹಕ್ಕು, ಆದ್ರೆ ಗೊತ್ತಿಲ್ದೇ ಹಾಕ್ಬೇಡಿ. ಇಡೀ ವೇಲ್ಸ್‌ನ ಸಮೀಕ್ಷೆ ನೋಡಿ ತೀರ್ಮಾನ ಮಾಡೋದೂ ತಪ್ಪು, ಲೆಕ್ಕ ನಡೆಯೋದು ಕ್ಷೇತ್ರದೊಳಗೆ ಮಾತ್ರ, ಪಕ್ಕದ ಕ್ಷೇತ್ರದಲ್ಲಿ ಉಳಿದ ಓಟು ಈ ಕಡೆಗೆ ಬರಲ್ಲ.

ಅಕ್ಕನ ಜೇನಿನ ಪ್ರಶ್ನೆಗೆ ಬರ್ತೀನಿ. ಭಾಗಿಸೋ ಸಂಖ್ಯೆ ಬದಲಾಯಿಸಿದ್ರೆ ಉತ್ತರ ಬದಲಾಗುತ್ತೆ. ನ್ಯೂಜಿಲೆಂಡ್‌ನಲ್ಲಿ 1, 2, 3 ಅಲ್ಲ, 1, 3, 5 ಅಂತ ಭಾಗಿಸ್ತಾರೆ, ಸೇಂಟ್ ಲಾಗ್ಯೂ ಪದ್ಧತಿ ಅಂತಾರೆ. ಅದೇ ಹಾಳೆಯಲ್ಲಿ ಹಾಗೆ ಮಾಡಿದ್ರೆ ಕಾಫಿ 34,000, ಮೆಣಸು 26,800, ಕಿತ್ತಳೆ 17,500, ಏಲಕ್ಕಿ 12,500, ಆಮೇಲೆ ಕಾಫಿಯ ಮೂರನೇ ಒಂದು ಪಾಲು 11,333, ಕೊನೇ ಬೀಜ ಜೇನಿನ 9,200ಕ್ಕೆ, ಯಾಕಂದ್ರೆ ಮೆಣಸು ಈಗ 8,933ಕ್ಕೆ ಇಳಿದಿದೆ. ಜೇನಿಗೂ ಸೀಟು ಬಂತು, ಮೆಣಸಿಗೆ ಒಂದು ಕಮ್ಮಿ ಆಯ್ತು. ಒಂದೇ ಜನ, ಒಂದೇ ಓಟು, ಭಾಗಾಕಾರ ಬೇರೆ. ಅದಕ್ಕೇ ನಾನು ಹೇಳೋದು, ಚುನಾವಣಾ ಪದ್ಧತಿ ಅಂದ್ರೆ ಬರೀ ಕಾನೂನಿನವರ ವಿಷಯ ಅಲ್ಲ, ನಾಲ್ಕನೇ ಕ್ಲಾಸಿನ ಭಾಗಾಕಾರ ಬರೋ ಎಲ್ರೂ ನೋಡ್ಬೇಕಾದ ವಿಷಯ. ಇನ್ನು ಕೆಲವು ಕಡೆ ಬೇಲಿ ಹಾಕಿರ್ತಾರೆ, ಜರ್ಮನಿಯಲ್ಲಿ 5% ಬರದೇ ಇರೋ ಪಕ್ಷ ಲೆಕ್ಕದಿಂದಲೇ ಹೊರಗೆ, ಸ್ಪೇನಿನ ಕ್ಯಾಟಲೋನಿಯಾ ಮತ್ತು ಬಾಸ್ಕ್ ನಾಡಿನ ಪಾರ್ಲಿಮೆಂಟುಗಳಿಗೆ 3%. ವೇಲ್ಸ್‌ನಲ್ಲಿ ಅಂಥ ಬೇಲಿ ಇಲ್ಲ, ಆರೇ ಸೀಟು ಅನ್ನೋದೇ ಬೇಲಿ.

ಸ್ಕಾಟ್ಲೆಂಡಿಗೆ ಹೋದವರು ಕೇಳ್ತೀರ, ಅಲ್ಲಿ ಬೇರೆ. ಒಟ್ಟು 129 ಸೀಟು, 73 ನಮ್ಮ ಥರ ಕ್ಷೇತ್ರಕ್ಕೊಬ್ಬರು, 56 ಪಟ್ಟಿಯಿಂದ, 8 ಪ್ರಾಂತ್ಯ, ಒಂದೊಂದಕ್ಕೆ 7. ನಿಮಗೆ ಎರಡು ಬ್ಯಾಲೆಟ್ ಕೊಡ್ತಾರೆ, ಒಂದರಲ್ಲಿ ವ್ಯಕ್ತಿಗೆ, ಇನ್ನೊಂದರಲ್ಲಿ ಪಕ್ಷಕ್ಕೆ. ಪಟ್ಟಿಯ ಲೆಕ್ಕ ಇದೇ ಡಿಹಾಂಟ್, ಆದ್ರೆ ಕ್ಷೇತ್ರಗಳಲ್ಲಿ ಗೆದ್ದ ಸೀಟನ್ನ ಮೊದಲೇ ಬೀಜ ಅಂತ ಎಣಿಸಿಬಿಡ್ತಾರೆ. 2021ರಲ್ಲಿ ಗ್ಲಾಸ್ಗೋ ಪ್ರಾಂತ್ಯದ ಒಂಬತ್ತೂ ಕ್ಷೇತ್ರ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಗೆದ್ದಿತ್ತು, ಹಾಗಾಗಿ ಪಟ್ಟಿಯ ಲೆಕ್ಕದಲ್ಲಿ ಅವರ ಓಟನ್ನ ಶುರುವಿನಲ್ಲೇ ಹತ್ತರಿಂದ ಭಾಗಿಸಿದ್ರು, ಏಳು ಪಟ್ಟಿ ಸೀಟಲ್ಲಿ ಅವರಿಗೆ ಒಂದೂ ಬರ್ಲಿಲ್ಲ, ಲೇಬರ್‌ಗೆ 4, ಕನ್ಸರ್ವೇಟಿವ್‌ಗೆ 2, ಗ್ರೀನ್‌ಗೆ 1. ಇಡೀ ಸ್ಕಾಟ್ಲೆಂಡಲ್ಲಿ ಆ ವರ್ಷ ಎಸ್‌ಎನ್‌ಪಿಗೆ 62 ಕ್ಷೇತ್ರ, ಪಟ್ಟಿಯಿಂದ ಬರೀ 2. ಎರಡನೇ ಬ್ಯಾಲೆಟ್ ಮುಖ್ಯ ಅಲ್ಲ ಅಂತ ಅನ್ಕೊಂಡು ಖಾಲಿ ಬಿಡೋವ್ರು ಇದ್ದಾರೆ, ಆದ್ರೆ ಒಟ್ಟು ಸಭೆ ಹೇಗಿರುತ್ತೆ ಅನ್ನೋದನ್ನ ಸರಿದೂಗಿಸೋದು ಆ ಬ್ಯಾಲೆಟ್ಟೇ.

ರಿಸಲ್ಟ್ ದಿನ ಟಿವಿ ನೋಡೋದೂ ಇಲ್ಲಿನ ಥರ ಅಲ್ಲ. ಯಾರು ಮೊದಲು ಅನ್ನೋದಕ್ಕಿಂತ 96ರಲ್ಲಿ 49 ಯಾರ ಹತ್ರ ಇದೆ ನೋಡ್ಬೇಕು. ಒಬ್ಬರಿಗೇ ಬರೋದು ಕಷ್ಟ. ಹಳೇ ಪದ್ಧತಿಯಲ್ಲೇ, 2021ರಲ್ಲಿ, ಲೇಬರ್ 30, ಕನ್ಸರ್ವೇಟಿವ್ 16, ಪ್ಲೈಡ್ ಕಮ್ರಿ 13, ಲಿಬರಲ್ ಡೆಮಾಕ್ರಾಟ್ 1 ಅಂತ ಬಂದಿತ್ತು, 60ರಲ್ಲಿ ಸರಿಯಾಗಿ ಅರ್ಧ. ಹಾಗಾಗಿ ಫಲಿತಾಂಶ ಬಂದ ಮೇಲೆ ವಾರಗಟ್ಟಲೆ ಮಾತುಕತೆ ನಡೆದ್ರೆ ಏನೋ ಕೆಟ್ಟದಾಯ್ತು ಅಂದ್ಕೋಬೇಡಿ, ಆ ಪದ್ಧತಿಯ ಕೆಲಸವೇ ಅದು. ನಿಮ್ಮ ಕ್ಷೇತ್ರದಿಂದ ಬೇರೆ ಬೇರೆ ಪಕ್ಷದ ಆರು ಜನ ಇರ್ತಾರೆ, ವೀಸಾದಿಂದಾಗಲಿ ಬಾಡಿಗೆಯಿಂದಾಗಲಿ ತೊಂದರೆ ಆದ್ರೆ ಆರರಲ್ಲಿ ಯಾರಿಗೆ ಬೇಕಾದ್ರೂ ಮೇಲ್ ಬರೀಬಹುದು, ಒಬ್ರು ಉತ್ತರ ಕೊಡ್ಲಿಲ್ಲ ಅಂದ್ರೆ ಇನ್ನೊಬ್ರು. ವೀಸಾ ಲಂಡನ್ನಿನ ಕೈಲಿದ್ರೂ ಪತ್ರ ಬರೆದು ಒತ್ತಡ ಹಾಕೋಕೆ ಆಗುತ್ತೆ.

ಇದೆಲ್ಲಾ ಬರೀವಾಗ ನಂಗೆ ನಮ್ಮದೇ ನೆನಪಾಗ್ತಿತ್ತು. ಕೊಡಗು ಒಂದು ಕಾಲಕ್ಕೆ ತನ್ನದೇ ವಿಧಾನಸಭೆ ಇದ್ದ ರಾಜ್ಯ, 1952ರ ಚುನಾವಣೆಯಲ್ಲಿ 24 ಸೀಟು, ಕಾಂಗ್ರೆಸ್ 15, ಪಕ್ಷೇತರರು 9, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿತು. ಈಗ ಮಡಿಕೇರಿ, ವಿರಾಜಪೇಟೆ ಎರಡು ಸೀಟು, 2011ರ ಜನಗಣತಿ ಪ್ರಕಾರ ಐದೂವರೆ ಲಕ್ಷ ಜನಕ್ಕೆ. ಕೊಡವರು, ಅರೆಭಾಷೆ ಗೌಡರು, ಎರವರು, ಕುರುಬರು, ಬ್ಯಾರಿ, ಮಲಯಾಳಿ, ತಮಿಳರು, ತೋಟದ ಲೈನ್ ಮನೆಯವರು, ಇಷ್ಟು ಥರದ ಜನ ಇರೋ ಜಿಲ್ಲೆಯಲ್ಲಿ ಇಬ್ಬರು ಗೆದ್ದವರ ಹೊರಗೆ ಬಿದ್ದ ಓಟು ಎಷ್ಟು ಅಂತ ಕೌಂಟಿಂಗ್ ಹಾಲಲ್ಲಿ ಕೂತು ನೋಡಿದವರಿಗೆ ಗೊತ್ತು. ಬೂತಿನ ಓಟಿನ ಲೆಕ್ಕ ಬರೆಯೋ 17ಸಿ ಫಾರಂನಲ್ಲಿ ನಾನೇ ಬರೆದ ಸಂಖ್ಯೆ ಅದು, ಬೆಳಗ್ಗೆಯಿಂದ ಕ್ಯೂನಲ್ಲಿ ನಿಂತವರ ಮುಖ ನೆನಪಿರುತ್ತೆ.

ನಮ್ಮಲ್ಲಿ ಈ ಪದ್ಧತಿ ಇಲ್ಲವೇ ಇಲ್ಲ ಅಂತಲ್ಲ. ರಾಜ್ಯಸಭೆಗೆ ಶಾಸಕರು ಓಟು ಹಾಕೋದು ಪ್ರಮಾಣಾನುಗುಣ ಪದ್ಧತಿಯಲ್ಲೇ, ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೆದು. ಸ್ಥಳೀಯ ಸಂಸ್ಥೆಗಳಿಂದ ಎಂಎಲ್‌ಸಿ ಚುನಾವಣೆ ಬಂದಾಗ ನಮ್ಮ ಪಂಚಾಯ್ತಿ ಮೆಂಬರುಗಳು ನೇರಳೆ ಸ್ಕೆಚ್ ಪೆನ್ನಲ್ಲಿ ನಂಬರ್ ಬರೀತಾರಲ್ಲ, ಅದೂ ಅದೇ ಜಾತಿ. ಲೋಕಸಭೆಗೂ ವಿಧಾನಸಭೆಗೂ ಬೇಡ ಅಂತ 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ವಾದಿಸಿದ್ರು, ಜನರಿಗೆ ಅಕ್ಷರ ಬರಲ್ಲ, ಸರ್ಕಾರ ಗಟ್ಟಿ ನಿಲ್ಲಲ್ಲ ಅನ್ನೋದು ಕಾರಣ. ಅವತ್ತಿಗೆ ಅದು ಸರಿಯಾದ ಮಾತು ಅಂತಲೇ ನಾನು ಅನ್ಕೊಳ್ಳೋದು, ಅಕ್ಷರದ ಕಾರಣ ಈಗ ಮೊದಲಿನಷ್ಟು ನಿಲ್ಲಲ್ಲ, ಎರಡನೇ ಕಾರಣದ ಬಗ್ಗೆ ಇವತ್ತಿಗೂ ಇಬ್ಬರು ಮೇಷ್ಟ್ರುಗಳು ಕೂತ್ರೆ ರಾತ್ರಿ ಕಳೆಯುತ್ತೆ. 2023ರ ಕರ್ನಾಟಕದ ಫಲಿತಾಂಶ ತಗೊಂಡು ಅಭ್ಯಾಸ ಮಾಡಿ ನೋಡಿ. ಕಾಂಗ್ರೆಸ್‌ಗೆ 42.88% ಓಟು, 135 ಸೀಟು. ಬಿಜೆಪಿ 36%, 66 ಸೀಟು. ಜೆಡಿಎಸ್ 13.29%, 19 ಸೀಟು. 224ಕ್ಕೆ ಶೇಕಡಾ ಲೆಕ್ಕ ಹಾಕಿದ್ರೆ ಸುಮಾರು 96, 81, 30 ಬರುತ್ತೆ. ಹಾಗಿದ್ರೆ ಜನ ಓಟು ಹಾಕೋದೂ ಬೇರೆ ಥರ ಇರ್ತಿತ್ತು, ಅದು ನೆನಪಲ್ಲಿಟ್ಕೊಂಡೇ ನೋಡಿ.

ಊರಿನ ಓಟಿನ ಬಗ್ಗೆಯೂ ಕೆಲವರು ಕೇಳ್ತಾರೆ. ಪಾಸ್‌ಪೋರ್ಟ್ ಭಾರತದ್ದೇ ಇರೋವರೆಗೆ ಫಾರಂ 6ಎ ತುಂಬಿ ಇಲ್ಲೂ ಹೆಸರು ಇಟ್ಕೊಳ್ಳಬಹುದು, ಆದ್ರೆ ಓಟು ಹಾಕೋಕೆ ಪಾಸ್‌ಪೋರ್ಟ್ ಹಿಡ್ಕೊಂಡು ಬೂತಿಗೇ ಬರ್ಬೇಕು. ಟಿಕೆಟ್ ದುಡ್ಡು ನೋಡ್ಕೊಂಡು ನಿರ್ಧಾರ ಮಾಡಿ.

ಹುಡುಗಿಗೆ ಕೊನೆಗೆ ಒಂದು ಹೋಂವರ್ಕ್ ಕೊಟ್ಟಿದ್ದೆ, ನಿಮಗೂ ಇರ್ಲಿ. ಮೊದಲಿನ ಹಾಳೆಯಲ್ಲಿ ಬೇರೆ ಯಾರ ಓಟೂ ಬದಲಾಗದೇ ಕಿತ್ತಳೆಗೆ ಎರಡನೇ ಸೀಟು ಬರ್ಬೇಕಾದ್ರೆ ಇನ್ನೂ ಎಷ್ಟು ಓಟು ಬೇಕು? ಅವಳು ನೈಟ್ ಶಿಫ್ಟ್ ಬ್ರೇಕಲ್ಲಿ ಟಿಶ್ಯೂ ಪೇಪರ್ ಮೇಲೆ ಮಾಡಿ ಫೋಟೋ ಕಳಿಸಿದ್ಳು, 7,501 ಅಂತ. ಸರಿ ಇತ್ತು.